ಸೋಮವಾರದ ತೂಕ

ನಮ್ಮ ಮೇಡಂ ಲಿಫ್ಟ್ ಹತ್ತುತ್ತಿರಲಿಲ್ಲ. ನಾಯಿ ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು. ಆರ್.ಟಿ. ನಗರದ ಮನೆಯಿಂದ ಹೊರಟು ಹೆಬ್ಬಾಳದವರೆಗೆ ಬಂದವರು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿ ವಾಪಸು ಹೋಗಿ, ಲ್ಯಾಬಿಗೆ ತಡವಾಗಿ ಬಂದ ದಿನಗಳು ಎಷ್ಟೋ. ಒಮ್ಮೆ ಹಲ್ಲಿ ಬಿತ್ತೆಂದು ಕುರ್ಚಿಯ ಮೇಲೆ ಹತ್ತಿ ನಿಂತುಬಿಟ್ಟಿದ್ದರು. ಐವತ್ತು ದಾಟಿದ ವಿಜ್ಞಾನಿ, ಬಿಳಿ ಕೋಟು, ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ನಾವು ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಿದ್ದೆವು.

ಅವರು ತೀರಿಕೊಂಡು ಈಗ ಒಂದು ತಿಂಗಳಾಯಿತು. ಅವರ ಹೆದರಿಕೆಗಳಲ್ಲಿ ನಗುವಂಥವು ಯಾವುವು, ನಗಬಾರದವು ಯಾವುವು ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ನಮ್ಮಪ್ಪನಿಗೆ ನಾನು ಮಾಡಿದ್ದನ್ನು ಮಾಡುತ್ತಿರಲಿಲ್ಲ.

ಎಂ.ಎಸ್ಸಿ. ಮುಗಿಸಿ ನಾನು ಜಕ್ಕೂರಿನ ಆಚೆಗಿದ್ದ ಅವರ ಲ್ಯಾಬಿಗೆ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಿದ್ದೆ. ಗಿಡಗಳಿಂದಲೂ ಸಮುದ್ರದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳಿಂದಲೂ ಕಾಯಿಲೆಗೆ ಒದಗಬಹುದಾದ ವಸ್ತುಗಳನ್ನು ಬೇರ್ಪಡಿಸುವುದು ಅಲ್ಲಿನ ಕೆಲಸ. ಎಲೆ ಒಣಗಿಸು, ಪುಡಿ ಮಾಡು, ನೆನೆಸು, ಸೋಸು, ಸೋಸಿದ್ದನ್ನು ಮತ್ತೆ ಹತ್ತು ಭಾಗ ಮಾಡು, ಯಾವ ಭಾಗದಲ್ಲಿ ಶಕ್ತಿ ಇದೆ ಎಂದು ಹುಡುಕು. ಕೆಸರಿನದೂ ಹಾಗೇ. ಕೆಸರನ್ನು ಗಾಜಿನ ತಟ್ಟೆಗಳಲ್ಲಿ ಹರಡಿ ಎರಡು ಮೂರು ವಾರ ಕಾಯಬೇಕು. ಆಮೇಲೆ ಸುಣ್ಣದ ಚುಕ್ಕೆಗಳಂತೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮುಚ್ಚಳ ತೆಗೆದರೆ ಹದವಾಗಿ ನೆಂದ ಹೊಲದ ವಾಸನೆ. ಉಪ್ಪುನೀರಿನಿಂದ ಬಂದದ್ದಕ್ಕೆ ಹೊಲದ ವಾಸನೆ ಹೇಗೆ ಬಂತೆಂದು ನಾನು ಮೊದಲ ದಿನ ಬೆರಗಾಗಿ ತಟ್ಟೆಯನ್ನು ಮೂಗಿನ ಹತ್ತಿರ ತಂದಾಗ, ಮೇಡಂ ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದು ಕೆಳಗಿಳಿಸಿದ್ದರು.

"ಮೂಗು ಒಂದೇ ಇರೋದು ಕಣಮ್ಮ. ದೂರ ಇಟ್ಕೊಂಡು ನೋಡು."

ಅದೇ ದಿನ ನಾನು, "ಮೇಡಂ, ಇದರಿಂದ ಯಾವ ಔಷಧಿ ಮಾಡ್ತೀವಿ?" ಎಂದು ಕೇಳಿದೆ. ಅವರ ಮುಖ ಬಿಗಿಯಾಯಿತು.

"ಇಲ್ಲಿ ಯಾರೂ ಔಷಧಿ ಮಾಡ್ತಿಲ್ಲ. ಇಲ್ಲಿರೋದೆಲ್ಲ ವಿಷ. ಯಾವ್ದೋ ಒಂದು ವಿಷಕ್ಕೆ ಯಾವತ್ತೋ ಒಂದಿನ ಬುದ್ಧಿ ಬರಬಹುದು, ಅಷ್ಟೇ. ಇನ್ನೊಂದ್ಸಲ ಆ ಮಾತು ಆಡ್ಬೇಡ."

ಹಾಗಾಗಿ ನಮ್ಮಲ್ಲಿ ಯಾವುದಕ್ಕೂ ಹೆಸರಿರಲಿಲ್ಲ, ನಂಬರ್ ಇತ್ತು. ಶುದ್ಧ ಮಾಡಿದ ಪುಡಿಗಳನ್ನು ಬೆರಳಿನಷ್ಟು ಉದ್ದದ ಸೀಸೆಗಳಲ್ಲಿ ಹಾಕಿ ಫ್ರೀಜರಿನಲ್ಲಿ ಇಡುತ್ತಿದ್ದೆವು. ಪ್ರತಿ ಸೋಮವಾರ ಬೆಳಿಗ್ಗೆ ಮೇಡಂ ತಾವೇ ಕೂತು ಒಂದೊಂದು ಸೀಸೆಯನ್ನೂ ತೂಕ ಮಾಡಿ, ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಬೇರೆ ಯಾವ ಲ್ಯಾಬಿನಲ್ಲೂ ಹೀಗೆ ಮಾಡುವುದಿಲ್ಲ ಎಂದು ಒಬ್ಬ ಸಹೋದ್ಯೋಗಿ ಹೇಳಿದ್ದಕ್ಕೆ ಅವರು, "ಅವ್ರೆಲ್ಲ ಧೈರ್ಯವಂತರು" ಎಂದಿದ್ದರು.

ಒಂದು ಸಲ ನಾನು ಎರಡು ಗಿಡಗಳ ಚೀಟಿಗಳನ್ನು ಅದಲು ಬದಲು ಅಂಟಿಸಿದ್ದೆ. ಅವರು ಬಯ್ಯಲಿಲ್ಲ. ಚೀಟಿ ಕಿತ್ತು ಸರಿ ಮಾಡಿಸಿ, ಎದುರಿಗೆ ಕೂರಿಸಿಕೊಂಡು ಒಂದು ಕಥೆ ಹೇಳಿದರು. ಅವರ ತಂದೆಯದು ಯಶವಂತಪುರದಲ್ಲಿ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಅರಿಸಿನ ಕೊಂಬು, ಪೂಜೆ ಸಾಮಾನು ಮಾರುವ ಜಾಗ. ಮೇಡಂಗೆ ಆಗ ಹನ್ನೆರಡು ವರ್ಷ. ತಂದೆ ಊಟಕ್ಕೆ ಹೋಗಿದ್ದಾಗ ಒಬ್ಬಳು ಬಂದು, ಬಾಣಂತಿಗೆ ಬೇಕೆಂದು ಒಂದು ಬೇರು ಕೇಳಿದಳು. ಇವರು ಡಬ್ಬಿಯಿಂದ ತೆಗೆದು ಕಾಗದದಲ್ಲಿ ಕಟ್ಟಿಕೊಟ್ಟರು. ಸಂಜೆ ತಂದೆ ಬಂದು ನೋಡಿದರೆ ಡಬ್ಬಿಯೇ ಬೇರೆ.

"ಕೆಟ್ಟದ್ದೇನಾದ್ರೂ ಆಯ್ತಾ ಮೇಡಂ?"

"ಗೊತ್ತಿಲ್ಲ. ಆಯಮ್ಮ ಮತ್ತೆ ಬರ್ಲೇ ಇಲ್ಲ. ಯಾವ ಬೀದಿ, ಏನ್ ಹೆಸರು, ಏನೂ ಗೊತ್ತಿಲ್ಲ. ಸ್ಕೂಲಿಂದ ಬಂದು ದಿನಾ ಅಂಗಡಿ ಮೆಟ್ಲ ಮೇಲೆ ಕೂತು ನೋಡ್ತಿದ್ದೆ, ಬರ್ತಾಳೇನೋ ಅಂತ. ಸತ್ತಿದ್ರೆ ಗೊತ್ತಾಗ್ತಿತ್ತು, ಬದುಕಿದ್ರೂ ಗೊತ್ತಾಗ್ತಿತ್ತು. ಇದು ಯಾವ್ದೂ ಅಲ್ಲ."

ಹೆದರುತ್ತಿದ್ದರು ಎಂದರೆ ಕೆಲಸ ಬಿಟ್ಟು ಓಡುತ್ತಿದ್ದರು ಎಂದಲ್ಲ. ಈಜು ಬಾರದ ಅವರು ವರ್ಷಕ್ಕೊಮ್ಮೆ ಕಾರವಾರದ ಕಡೆ ಹೋಗಿ, ಮೀನುಗಾರರ ದೋಣಿಯಲ್ಲಿ ಕೂತು, ಸಮುದ್ರದ ತಳದ ಕೆಸರನ್ನು ತಾವೇ ಎತ್ತಿಸಿ ತರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ದೋಣಿ ಅಲುಗಿದಾಗಲೆಲ್ಲ ಅವರು ಕಣ್ಣು ಮುಚ್ಚಿ ದೋಣಿಯ ಅಂಚನ್ನು ಬೆರಳು ಬಿಳುಚುವಂತೆ ಹಿಡಿಯುತ್ತಿದ್ದರು. ಎರಡು ಸಲ ವಾಂತಿ ಮಾಡಿದರು. ಬಾಯಿ ಒರೆಸಿಕೊಂಡು, "ಇನ್ನೂ ಸ್ವಲ್ಪ ಮುಂದೆ ಹೋಗೋಣ, ಇಲ್ಲಿ ಆಳ ಸಾಲ್ದು" ಎಂದರು. ಆ ಸಲ ತಂದ ಕೆಸರಿನಿಂದಲೇ ಎಪ್ಪತ್ತೊಂದನೇ ನಂಬರ್ ಸಿಕ್ಕಿದ್ದು. ತೆಳು ಹಳದಿ ಪುಡಿ. ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದ ಮರುದಿನ ತಟ್ಟೆಯಲ್ಲಿ ಒಂದೂ ಬದುಕಿರಲಿಲ್ಲ. ನಾವೆಲ್ಲ ಕುಣಿದಾಡಿದೆವು. ಮೇಡಂ ಮಾತ್ರ ಪರೀಕ್ಷೆಯನ್ನು ಇನ್ನೂ ಮೂರು ಸಲ ಮಾಡಿಸಿದರು. ಆಮೇಲೆ ಇಲಿಗಳ ಮೇಲೆ ನೋಡಲು ಬೇರೆ ಸಂಸ್ಥೆಗೆ ಕಳಿಸಿದರು.

ಅದೇ ಸಮಯದಲ್ಲಿ ನಮ್ಮಪ್ಪನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ ಐದು ತಿಂಗಳಾಗಿತ್ತು.

ನಮ್ಮ ಊರು ಯಲಹಂಕದ ಪಕ್ಕದ ಕೋಗಿಲು. ಈಗ ಲೇಔಟ್ ಆಗಿರುವ ಜಾಗದಲ್ಲಿ ನಮ್ಮ ದ್ರಾಕ್ಷಿ ತೋಟವಿತ್ತು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪನಿಗೆ ಮೇಡಂ ನನಗಿಂತ ಮೊದಲಿನ ಪರಿಚಯ. ವರ್ಷಗಳ ಹಿಂದೆ ಅವರು ಕೆರೆಯಂಗಳದಲ್ಲಿ ಗಿಡ ಹುಡುಕುತ್ತಾ ಬಂದಾಗ ಅಪ್ಪನೇ ಜೊತೆಗೆ ಓಡಾಡಿ ತೋರಿಸಿದ್ದ. ನಾಯಿ ಬಂದಾಗ ಅವರು ಅಪ್ಪನ ಬೆನ್ನ ಹಿಂದೆ ಅಡಗಿದ್ದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಆದರೆ ಅವರನ್ನು ನಂಬಿದಂತೆ ಅವನು ದೇವರನ್ನೂ ನಂಬಿರಲಿಲ್ಲ.

ಎಪ್ಪತ್ತೊಂದರ ವಿಷಯವನ್ನು ಮನೆಯಲ್ಲಿ ಹೇಳಿದ್ದು ನಾನೇ. ನಾಲ್ಕನೇ ಸಲದ ಕೀಮೋ ಆಗಿ ಬಾಯೆಲ್ಲ ಹುಣ್ಣಾಗಿ, ಗಂಜಿಯೂ ಇಳಿಯದೆ ಅಪ್ಪ ಮಲಗಿದ್ದ. ಸ್ಕ್ಯಾನ್ ನೋಡಿದ ಡಾಕ್ಟರು, ಗಡ್ಡೆ ಅಂದುಕೊಂಡಷ್ಟು ಕರಗಿಲ್ಲ, ಔಷಧಿ ಬದಲಿಸಿ ನೋಡೋಣ ಎಂದಿದ್ದರು.

"ನಿಮ್ ಮೇಡಮ್ಮೋರ ಔಸ್ತಿ ತಂದ್ಕೊಡು ಮಗ" ಎಂದ ಅಪ್ಪ.

"ಅದು ಔಷಧಿ ಅಲ್ಲಪ್ಪ. ಇನ್ನೂ ಪರೀಕ್ಷೆ ಆಗ್ಬೇಕು."

"ನನ್ ಮ್ಯಾಲೇ ಮಾಡು ಪರೀಕ್ಷೆ. ಎಂಗೂ ಓಗೋ ಜೀವ. ಆಯಮ್ಮ ಮಾಡಿದ್ದು ಅಂದ್ಮೇಲೆ ಕೆಟ್ಟದ್ದಾಗಕ್ಕಿಲ್ಲ."

ನಾನು ಮೇಡಂ ಹತ್ತಿರ ಸುತ್ತುಬಳಸಿ ಕೇಳಿದೆ, ಎಪ್ಪತ್ತೊಂದನ್ನು ಮನುಷ್ಯರಿಗೆ ಕೊಡಲು ಎಷ್ಟು ವರ್ಷ ಬೇಕಾಗಬಹುದು ಎಂದು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಪ್ಪ ಹೇಗಿದ್ದಾರೆ?"

"ಪರವಾಗಿಲ್ಲ ಮೇಡಂ."

"ತಟ್ಟೇಲಿ ಕ್ಯಾನ್ಸರ್ ಕೋಶ ಕೊಲ್ಲೋದು ದೊಡ್ಡ ವಿಷಯ ಅಲ್ಲ ಕಣೇ. ಆಸಿಡ್ ಹಾಕಿದ್ರೂ ಸಾಯ್ತವೆ. ಪಕ್ಕದಲ್ಲಿರೋ ಒಳ್ಳೇ ಕೋಶಾನ ಬಿಡತ್ತಾ ಅನ್ನೋದು ಪ್ರಶ್ನೆ. ಅದು ಇನ್ನೂ ಗೊತ್ತಿಲ್ಲ."

ಕೇಳಿಸಿಕೊಂಡೆ. ಅರ್ಥವೂ ಆಯಿತು. ಆದರೂ ಆ ಶುಕ್ರವಾರ ಮಧ್ಯಾಹ್ನ ಮೇಡಂ ಮೀಟಿಂಗಿಗೆ ಹೋಗಿದ್ದಾಗ ಅವರ ಡ್ರಾಯರಿನಿಂದ ಫ್ರೀಜರಿನ ಬೀಗದಕೈ ತೆಗೆದುಕೊಂಡೆ. ಅದು ಅಲ್ಲಿರುತ್ತದೆಂದು ನನಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು. ಸೀಸೆಯಿಂದ ಎರಡು ಅಕ್ಕಿಕಾಳಿನಷ್ಟು ಪುಡಿಯನ್ನು ಪುಟ್ಟ ಟ್ಯೂಬಿಗೆ ಹಾಕಿ, ಟ್ಯೂಬನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಗು ಅದಕ್ಕೆ ಕೈ ಹಾಕಿತು. ನಾನು ಕಿರುಚಿದ ರಭಸಕ್ಕೆ ಇಡೀ ಬಸ್ಸು ತಿರುಗಿ ನೋಡಿತು.

ಶನಿವಾರ ಪೂರ್ತಿ ಕೊಡಲೋ ಬೇಡವೋ ಎಂದು ಒದ್ದಾಡಿದೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ನೀರಿನಲ್ಲಿ ಕರಗುವುದಿಲ್ಲವೆಂದು ಗೊತ್ತಿದ್ದರಿಂದ, ಅರ್ಧ ಪುಡಿಯನ್ನು ಒಂದು ಚಮಚ ಬಿಸಿ ತುಪ್ಪದಲ್ಲಿ ಕಲಸಿ ಅಪ್ಪನ ಬಾಯಿಗೆ ಹಾಕಿದೆ. ಅಪ್ಪ ಚಮಚಕ್ಕೆ ಅಂಟಿದ್ದನ್ನೂ ಬಿಡದೆ ನೆಕ್ಕಿದ. ಮಧ್ಯಾಹ್ನ ಸ್ವಲ್ಪ ವಾಂತಿಯಾಯಿತು, ಅಷ್ಟೇ. ಸಂಜೆ ಎದ್ದು ಕೂತು, ಮೈ ಹಗುರಾಗಿದೆ ಎಂದ. ನಾನು ನಂಬಿದೆ. ಸೋಮವಾರ ರಜೆ ಹಾಕಿ, ಮತ್ತೆ ಹನ್ನೊಂದಕ್ಕೆ ಉಳಿದರ್ಧವನ್ನೂ ಕುಡಿಸಿದೆ.

ಹನ್ನೊಂದೂವರೆಗೆ ಫೋನ್ ಬಂತು. ಮೇಡಂ.

"ಕುಡಿಸಿದ್ಯಾ?"

ಇಷ್ಟೇ ಕೇಳಿದರು. ಹಲೋ ಇಲ್ಲ, ನನ್ನ ಹೆಸರಿಲ್ಲ.

"ಎಷ್ಟು? ಎಷ್ಟು ಸಲ? ಹೇಳಮ್ಮ, ಬೇಗ ಹೇಳು."

ಹೇಳಿದೆ.

"ಇನ್ನೇನೂ ಕೊಡ್ಬೇಡ. ಆಟೋ ಮಾಡ್ಕೊಂಡು ಅವ್ರನ್ನ ನೀವು ತೋರಿಸ್ತಿರೋ ಆಸ್ಪತ್ರೆಗೆ ಕರ್ಕೊಂಡು ಹೊರಡು. ನಾನೂ ಬರ್ತಿದ್ದೀನಿ."

ಹೆಬ್ಬಾಳದ ಕಡೆಗಿದ್ದ ಆ ಆಸ್ಪತ್ರೆಗೆ ನಾವು ಮುಟ್ಟುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಫೈಲು. ಕ್ಯಾನ್ಸರ್ ವಿಭಾಗ ನಾಲ್ಕನೇ ಮಹಡಿಯಲ್ಲಿತ್ತು. ಅಪ್ಪನ ಗಾಲಿಕುರ್ಚಿಯ ಹಿಂದೆ ಅವರೂ ಲಿಫ್ಟಿನೊಳಗೆ ಬಂದರು. ಬಾಗಿಲು ಮುಚ್ಚಿದಾಗ ಅವರ ಹಣೆಯಲ್ಲಿ ಬೆವರು ಒಡೆದದ್ದು ಕಂಡಿತು.

ಡಾಕ್ಟರ ಮುಂದೆ ಕೂತೆವು. ಮನೆಮದ್ದು ಎಂದು ಹೇಳಿ ತಪ್ಪಿಸಿಕೊಂಡುಬಿಡೋಣವೆಂದು ಆ ಕ್ಷಣದಲ್ಲೂ ಯೋಚಿಸಿದ್ದೆ. ಮೇಡಂ ನೇರವಾಗಿ ಹೇಳಿದರು.

"ಇದು ಎಲ್ಲೂ ಸಿಗೋ ವಸ್ತು ಅಲ್ಲ, ಡಾಕ್ಟ್ರೇ. ನಮ್ಮ ಲ್ಯಾಬಿಂದು. ಮನುಷ್ಯರು ಯಾರೂ ಇದುವರೆಗೆ ತಗೊಂಡಿಲ್ಲ. ಇಲಿಗಳಿಗೆ ಕೊಟ್ಟಾಗ ಮೂರನೇ ದಿನಕ್ಕೆ ಕಿಡ್ನಿ ಹೋಗಿದೆ. ಎಲ್ಲಾ ಈ ಫೈಲಲ್ಲಿದೆ."

ಇಲಿಗಳ ವರದಿ ಬಂದದ್ದು ಶುಕ್ರವಾರ ಸಂಜೆ. ಆ ಹೊತ್ತಿಗೆ ನಾನು ಡಬ್ಬಿ ಹಿಡಿದು ಬಸ್ಸಿನಲ್ಲಿದ್ದೆ.

ಡಾಕ್ಟರು ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ಪ್ರಮಾಣ, ಯಾವುದರಲ್ಲಿ ಕಲಸಿದ್ದು, ಎಷ್ಟು ಹೊತ್ತಿಗೆ. ನಾನು ಉತ್ತರ ಹೇಳಿದೆ, ಮೇಡಂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಅಪ್ಪನಿಗೆ ಡ್ರಿಪ್ ಹಾಕಿದರು. ಆಮೇಲೆ ಮಾಡಲು ಉಳಿದದ್ದು ಕಾಯುವುದೊಂದೇ.

ಆ ದಿನಗಳ ಹೆದರಿಕೆಯನ್ನು ಹೇಗೆ ಬರೆಯಲಿ? ಹಾಸಿಗೆಯ ಪಕ್ಕದಲ್ಲಿ ಮೂತ್ರದ ಚೀಲ ನೇತಾಡುತ್ತಿತ್ತು. ಅದರ ಮೇಲೆ ಗೆರೆಗಳಿದ್ದವು. ನಾನು ಅಪ್ಪನ ಮುಖ ನೋಡುತ್ತಿರಲಿಲ್ಲ, ಆ ಗೆರೆಗಳನ್ನು ನೋಡುತ್ತಿದ್ದೆ. ಮಂಗಳವಾರ ಮೂತ್ರ ಸರಿಯಾಗಿಯೇ ಇತ್ತು. ಬುಧವಾರ ಕಡಿಮೆಯಾಯಿತು. ಗುರುವಾರ ಬೆಳಿಗ್ಗೆಯಿಂದ ಒಂದು ಗೆರೆಯೂ ಮೇಲೇರಲಿಲ್ಲ. ಅಪ್ಪನ ಕಾಲು, ಮುಖ ಊದಿದವು. ಮಾತು ತೊದಲಿತು. ನನ್ನನ್ನು ಅಮ್ಮನ ಹೆಸರಿನಿಂದ ಕರೆದ. ಮಧ್ಯಾಹ್ನ ಡಯಾಲಿಸಿಸ್‌ಗೆ ಕರೆದೊಯ್ಯುವಾಗ ಎಚ್ಚರವಾಗಿ, ಮೇಡಂ ನಿಂತಿದ್ದನ್ನು ಕಂಡು ಕೈ ಮುಗಿಯಲು ಹೋದ. ಕೈ ಮೇಲೇಳಲಿಲ್ಲ. "ನಿಮ್ ಔಸ್ತಿ ಬಲವಾಗೈತೆ ಮೇಡಮ್ಮೋರೆ" ಎಂದ.

ಮೇಡಂ ಗೋಡೆಗೆ ತಿರುಗಿಕೊಂಡರು.

ಕೆಲಸ ಮುಗಿಸಿ ಅವರು ದಿನಾ ಬರುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಎಲ್ಲಾ ಸರಿಹೋಗತ್ತೆ ಎನ್ನಲಿಲ್ಲ, ಯಾಕೆಂದರೆ ಸರಿಹೋಗುತ್ತದೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಒಂದು ದಿನ ಇಡ್ಲಿ ತಂದಿದ್ದರು. ನಾನು ಬೇಡವೆಂದಾಗ, "ತಿನ್ನು. ಹೆದರ್ಕೊಂಡೇ ತಿನ್ನು. ನಾನೂ ಹಾಗೇ ತಿನ್ನೋದು" ಎಂದರು.

ಅದೇ ದಿನ ಇನ್ನೊಂದು ಮಾತು ಹೇಳಿದರು.

"ವರದಿ ಬರೀಬೇಕು. ನಿನ್ನ ಹೆಸರು ಬರೀಬೇಕಾಗತ್ತೆ, ಬರೀತೀನಿ. ಬೀಗದಕೈನ ತೆರೆದ ಡ್ರಾಯರಲ್ಲಿ ಇಟ್ಟಿದ್ದು ನಾನು ಅಂತ್ಲೂ ಬರೀತೀನಿ."

"ನನ್ನ ಕೆಲಸ ಹೋಗತ್ತೆ ಅಲ್ವಾ ಮೇಡಂ?"

"ಹೋಗತ್ತೆ. ಹೋಗ್ಬೇಕು."

ಹನ್ನೊಂದನೇ ದಿನ ಚೀಲದಲ್ಲಿ ಮೂತ್ರ ಮತ್ತೆ ಏರತೊಡಗಿತು. ಮೂರು ವಾರಕ್ಕೆ ಡಯಾಲಿಸಿಸ್ ನಿಲ್ಲಿಸಿದರು. ಅಪ್ಪ ತನ್ನ ಕಾಲಿನಿಂದಲೇ ನಡೆದು ಮನೆಯೊಳಗೆ ಬಂದ. ಆದರೆ ಕಿಡ್ನಿ ಸುಧಾರಿಸುವವರೆಗೆ ಹೊಸ ಕೀಮೋ ಕೊಡುವ ಹಾಗಿರಲಿಲ್ಲ. ಎರಡು ತಿಂಗಳು ಹಾಗೇ ಕಳೆಯಿತು. ಅದಾದ ಮೇಲೆ ಅಪ್ಪ ಒಂದೂವರೆ ವರ್ಷ ಬದುಕಿದ. ನಾನು ಮದುವೆಯಾದದ್ದನ್ನು ನೋಡಿದ. ಆ ಎರಡು ತಿಂಗಳು ಕೈತಪ್ಪದೆ ಇದ್ದಿದ್ದರೆ ಇನ್ನೂ ಬದುಕುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದ್ದೇನೆ. "ಹೇಳಕ್ಕಾಗಲ್ಲಮ್ಮ" ಎಂದರು. ಇವತ್ತಿಗೂ ಯಲಹಂಕದ ಕಾಲೇಜಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುವಾಗ, ಯಾರಾದರೂ ಒಂದು ಸೀಸೆಯನ್ನು ಹಗುರಾಗಿ ಎತ್ತಿದರೆ ನಾನು ಓಡಿ ಹೋಗಿ ಅದನ್ನು ಅವರ ಕೈಯಿಂದ ತೆಗೆದು ಕೆಳಗಿಡುತ್ತೇನೆ.

ಮೇಡಂಗೆ ವಿಚಾರಣೆಯಾಯಿತು. ಎಪ್ಪತ್ತೊಂದರ ಕೆಲಸವನ್ನು ನಿಲ್ಲಿಸಿದರು. ಕಿಡ್ನಿಗೆ ತಾಗದಂತೆ ಅದನ್ನು ಬದಲಿಸಬಹುದೇ ಎಂದು ನೋಡಲು ಅವರಿಗೆ ಮತ್ತೆ ಅವಕಾಶ ಸಿಗಲಿಲ್ಲ. ಇನ್ನೊಂದು ಗುಂಪಿಗೆ ಸೇರಿಸಿ, ಒಣಗಿದ ಗಿಡಗಳ ಸಂಗ್ರಹ ನೋಡಿಕೊಳ್ಳಲು ಬಿಟ್ಟರು. ಅಲ್ಲಿಂದಲೇ ನಿವೃತ್ತರಾದರು. ಅಪ್ಪ ತೀರಿಕೊಂಡಾಗ ಕೋಗಿಲಿಗೆ ಬಂದಿದ್ದರು. ಬೀದಿಯಲ್ಲಿ ಮೂರು ನಾಯಿ ಮಲಗಿದ್ದವು. ನಿಧಾನವಾಗಿ, ಗೋಡೆ ಸವರಿಕೊಂಡು, ಅವುಗಳ ಪಕ್ಕದಲ್ಲೇ ನಡೆದು ಬಂದರು.

ಕಳೆದ ತಿಂಗಳು ಅವರ ಸಂತಾಪ ಸಭೆಗೆ ಹೋಗಿದ್ದೆ. ಹಳೆಯ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಎದ್ದು ಅವರ ಪ್ರಾಮಾಣಿಕತೆಯನ್ನು, ಎಚ್ಚರವನ್ನು ಹೊಗಳಿದರು. ಮೈಕು ನನ್ನ ಹತ್ತಿರ ಬಂದಾಗ ನಾನು ಅದನ್ನು ಪಕ್ಕದವರಿಗೆ ದಾಟಿಸಿದೆ. ಜನ ಏನೆಂದುಕೊಂಡರೋ ಗೊತ್ತಿಲ್ಲ. ಕಾರಣ ಇಷ್ಟು.

ಅವರು ಹೋಗುವುದಕ್ಕೆ ಐದಾರು ವಾರ ಮೊದಲು ಒಂದು ಭಾನುವಾರ ನಾನು ಆರ್.ಟಿ. ನಗರದ ಅವರ ಮನೆಗೆ ಹೋಗಿದ್ದೆ. ಹೃದಯದ ತೊಂದರೆಯಿಂದ ತುಂಬಾ ಇಳಿದುಹೋಗಿದ್ದರು. ಕಾಫಿ ಕುಡಿದೆವು. ಲೋಟ ಕೆಳಗಿಟ್ಟು, ಹವಾಮಾನದ ವಿಷಯ ಮಾತಾಡುವವರಂತೆ ಅವರು ಶುರು ಮಾಡಿದರು.

"ಆ ಸೋಮವಾರ ನಾನು ಎಪ್ಪತ್ತೊಂದನ್ನ ತೂಕ ಮಾಡಿದ್ದು ಎಷ್ಟು ಹೊತ್ತಿಗೆ ಗೊತ್ತಾ? ಹತ್ತು ಗಂಟೆಗೆ."

ನನಗೆ ಅರ್ಥವಾಗಲಿಲ್ಲ.

"ಕೊನೇ ಅಂಕಿ ಎಂಟು ಇರ್ಬೇಕಿತ್ತು, ಮೂರು ಇತ್ತು. ಪುಸ್ತಕದಲ್ಲಿ ಮೂರು ಅಂತ ಬರ್ದೂಬಿಟ್ಟೆ. ಬರೆದ ತಕ್ಷಣ ಗೊತ್ತಾಯ್ತು ನೀನೇ ಅಂತ. ಯಾರಿಗೆ ಅಂತ್ಲೂ ಗೊತ್ತಾಯ್ತು. ಇಲಿಗಳ ವರದಿ ಟೇಬಲ್ ಮೇಲೇ ಇತ್ತು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಮೂರನ್ನ ಎಂಟು ಮಾಡಕ್ಕೆ ಎರಡು ಗೀಟು ಸಾಕು ಕಣೇ. ಪೆನ್ನು ಹಿಡ್ಕೊಂಡು ಕೂತೆ. ಇಪ್ಪತ್ತು ವರ್ಷದ ಕೆಲಸ. ಹೊರಗೆ ಗೊತ್ತಾದ್ರೆ ಎಲ್ಲಾ ಮುಗೀತು. ಆಯಪ್ಪ ಹೇಗೂ ಸಾಯೋ ಕಾಯಿಲೆಯವ್ನು, ಯಾರಿಗ್ ಗೊತ್ತಾಗತ್ತೆ ಅಂತ್ಲೂ ಅಂದ್ಕೊಂಡೆ. ನಿಮ್ಮಪ್ಪನ ಬಗ್ಗೆ ನಾನು ಹಾಗಂದ್ಕೊಂಡೆ. ನಿಂಗೆ ಫೋನ್ ಮಾಡ್ದಾಗ ಹನ್ನೊಂದೂವರೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅವರು ಕಾಯಲಿಲ್ಲ.

"ಎರಡನೇ ಸಲ ಹನ್ನೊಂದಕ್ಕೆ ಕುಡಿಸಿದೆ ಅಂತ ನೀನು ಡಾಕ್ಟ್ರಿಗೆ ಹೇಳ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ."

ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಬಂದದ್ದು ಅದೇ ಹಳೆಯ ಚಳಿ, ಆಸ್ಪತ್ರೆಯ ಬೆಂಚಿನ ಮೇಲಿನದು. ಕೊನೆಗೆ, "ಕುಡಿಸಿದ್ದು ನಾನು ಮೇಡಂ" ಎಂದೆ.

"ಹೂಂ. ಅದನ್ನ ನೀನು ಎಲ್ಲರ ಮುಂದೆ ಒಪ್ಕೊಂಡೆ. ನಾನು ನನ್ನ ಆ ಒಂದೂವರೆ ಗಂಟೇನ ವರದೀಲಿ ಬರೀಲಿಲ್ಲ. ಎಲ್ಲಾ ಬರ್ದೆ, ಅದೊಂದು ಬಿಟ್ಟೆ."

"ಇಷ್ಟು ವರ್ಷ ಆದ್ಮೇಲೆ ಈಗ ಯಾಕೆ ಹೇಳ್ತಿದ್ದೀರ?"

ಅವರು ಸೆರಗಿನಿಂದ ಕನ್ನಡಕ ಒರೆಸಿದರು.

"ನಾನು ಹೋದ್ಮೇಲೆ ಎಲ್ಲರೂ ಸೇರಿ ಒಂದು ಸಭೆ ಮಾಡ್ತಾರೆ. ನೀನು ಎದ್ದು ನಿಂತು, ನಮ್ಮಪ್ಪನ ಜೀವ ಉಳಿಸಿದ್ರು ಅಂತೀಯ. ಅದನ್ನ ನೆನೆಸ್ಕೊಂಡ್ರೆ ಹೆದರಿಕೆ ಆಗತ್ತೆ ಕಣಮ್ಮ."